ಆಟಿಯ ಮಳೆಗೆ ಬರುವ ಟರ್ಕಿ ಮರಿಗಳು: ಕರಾವಳಿಯ ಸಾಕಣೆದಾರರಿಗೊಂದು ಬಹಿರಂಗ ಪತ್ರ

ಕರಾವಳಿಯಲ್ಲಿ ಟರ್ಕಿ ಕೋಳಿ ಸಾಕುತ್ತಿರುವ, ಸಾಕಬೇಕೆಂದು ಹೊರಟಿರುವ ರೈತ ಬಾಂಧವರೇ, ಸ್ವಸಹಾಯ ಸಂಘಗಳ ಸೋದರಿಯರೇ,

ಟರ್ಕಿಗೆ ನಮ್ಮ ಕಡೆ ಒಳ್ಳೆಯ ಬೆಲೆ ಸಿಗುವುದು ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ಹೊತ್ತಿಗೆ. ಹಿತ್ತಲಲ್ಲಿ ಮೇಯುತ್ತ ಬೆಳೆದ ಹಕ್ಕಿ ಮಾರುವ ತೂಕಕ್ಕೆ ಬರಲು ಐದಾರು ತಿಂಗಳು ಬೇಕು. ಡಿಸೆಂಬರ್ 20ರಿಂದ 24 ವಾರ ಹಿಂದಕ್ಕೆ ಎಣಿಸಿದರೆ ಜುಲೈ ಮೊದಲ ವಾರ ಬರುತ್ತದೆ. 20 ವಾರವೇ ಸಾಕೆಂದರೂ ಆಗಸ್ಟ್ ಆರಂಭ. ಹಾಗಾಗಿ ಒಂದು ದಿನದ ಮರಿಗಳ ಪೆಟ್ಟಿಗೆ ನಿಮ್ಮ ಮನೆಗೆ ಬಂದಿಳಿಯುವುದು ವರ್ಷದಲ್ಲೇ ಹೆಚ್ಚು ಮಳೆ ಹೊಯ್ಯುವ ದಿನಗಳಲ್ಲಿ, ಒಗೆದ ಬಟ್ಟೆ ಮೂರು ದಿನವಾದರೂ ಒಣಗದ, ಡಬ್ಬಿಯ ಉಪ್ಪು ನೀರೊಡೆಯುವ ಆಟಿ ತಿಂಗಳ ಆಸುಪಾಸಿನಲ್ಲಿ. ಸಾಕಣೆ ಚೆನ್ನಾಗಿದ್ದರೂ ಮೊದಲ ನಾಲ್ಕು ವಾರಗಳಲ್ಲಿ ನೂರಕ್ಕೆ 6ರಿಂದ 10 ಟರ್ಕಿ ಮರಿ ಸಾಯುವುದುಂಟು ಎಂದು ಕೈಪಿಡಿಗಳೇ ಹೇಳುತ್ತವೆ. ಒದ್ದೆ ಕಾಲದಲ್ಲಿ, ಒದ್ದೆ ನೆಲದ ಮೇಲೆ ಈ ಲೆಕ್ಕ ಎಲ್ಲಿಗೆ ಬೇಕಾದರೂ ಹೋಗಬಹುದು. ಹಾಗೆ ಮರಿ ಸತ್ತಾಗ ನಮ್ಮಲ್ಲಿ ಕೇಳಿಬರುವ ಮಾತು ಎರಡೇ: ‘ಸೆಕೆ ತಡೆಯಲಿಲ್ಲ’, ಇಲ್ಲವೇ ‘ಈ ಹಕ್ಕಿ ನಮ್ಮ ಹವೆಗೆ ಹೇಳಿದ್ದಲ್ಲ’. ಎರಡನ್ನೂ ನಾನು ಒಪ್ಪುವುದಿಲ್ಲ. ಕರಾವಳಿಯಲ್ಲಿ ಟರ್ಕಿ ಮರಿಯನ್ನು ಕೊಲ್ಲುತ್ತಿರುವುದು ಪಸೆ. ನೆಲದ ಪಸೆ, ಗಾಳಿಯ ಪಸೆ, ಆಹಾರದ ಚೀಲದೊಳಗಿನ ಪಸೆ. ಈ ಮೂರನ್ನು ತಡೆದರೆ ನಮ್ಮ ಹವೆಯಲ್ಲಿ ಟರ್ಕಿ ಬದುಕುತ್ತದೆ. ತಡೆಯಲಾಗದವರು ಆ ತಿಂಗಳಲ್ಲಿ ಎಳೆ ಮರಿ ತರಬಾರದು. ಈ ಪತ್ರದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ.

‘ನಮ್ಮ ಹವೆಗೆ ಹೇಳಿದ್ದಲ್ಲ’ ಎಂಬ ಮಾತನ್ನು ಮೊದಲು ಮುಗಿಸಿಬಿಡೋಣ. ಟರ್ಕಿ ತಣ್ಣನೆಯ ದೇಶದ ಹಕ್ಕಿ ಎಂಬ ಭಾವನೆ ಬಂದದ್ದು ಅಮೆರಿಕ, ಯುರೋಪಿನ ಹಬ್ಬದೂಟದ ಚಿತ್ರಗಳಿಂದ. ಅದನ್ನು ಮೊದಲು ಪಳಗಿಸಿದ್ದು ಮೆಕ್ಸಿಕೋದ ಜನ. ಅಲ್ಲಿನ ಬಿಸಿಲು, ಮಳೆ ಎರಡೂ ಜೋರಾಗಿರುವ ಸೀಮೆಗಳಲ್ಲಿ ಹಳ್ಳಿಯ ಹೆಂಗಸರು ಇಂದಿಗೂ ಅದನ್ನು ಹಿತ್ತಲಲ್ಲಿ ಸಾಕುತ್ತಾರೆ. ಭಾರತಕ್ಕೂ ಅದು ಬಂದದ್ದು ನಮ್ಮದೇ ಪಶ್ಚಿಮ ಕರಾವಳಿಯ ದಾರಿಯಿಂದ: 1612ರಲ್ಲಿ ಮೊಗಲ್ ಅಧಿಕಾರಿ ಮುಕರ್ರಬ್ ಖಾನ್ ಗೋವಾದಿಂದ ಬಾದಶಹ ಜಹಾಂಗೀರನ ಆಸ್ಥಾನಕ್ಕೆ ಒಯ್ದ ಟರ್ಕಿ ಹುಂಜವನ್ನು ಚಿತ್ರಕಾರ ಉಸ್ತಾದ್ ಮನ್ಸೂರ್ ಬಿಡಿಸಿದ್ದಾನೆ, ಆ ಚಿತ್ರ ಇಂದಿಗೂ ಉಳಿದಿದೆ. ನಮಗಿಂತ ಕಡಿಮೆ ಸೆಕೆಯೇನೂ ಇಲ್ಲದ ಕೊಲ್ಲಂನ ಕುರೀಪ್ಪುಳದಲ್ಲಿ ಕೇರಳ ಸರ್ಕಾರ ಟರ್ಕಿ ಫಾರಂ ನಡೆಸಿದೆ. ಚೆನ್ನೈನ ನಂದನಂ ಕೋಳಿ ಸಂಶೋಧನಾ ಕೇಂದ್ರದಲ್ಲಿ ನಾಡ ಕಪ್ಪು ಟರ್ಕಿಯನ್ನೂ ಬೆಲ್ಟ್ಸ್‌ವಿಲ್ ಸ್ಮಾಲ್ ವೈಟ್ ಎಂಬ ವಿದೇಶಿ ತಳಿಯನ್ನೂ ಕೂಡಿಸಿ ‘ನಂದನಂ ಟರ್ಕಿ–1’ ಎಂಬ ತಳಿ ಮಾಡಿದ್ದೇ ತಮಿಳುನಾಡಿನ ಹವೆಗೆಂದು. ಹಕ್ಕಿಯ ಜಾತಿಯಲ್ಲಿ ತಪ್ಪು ಹುಡುಕಿ ಪ್ರಯೋಜನವಿಲ್ಲ.

ಇನ್ನು ಸೆಕೆಯ ಮಾತು. ಊರೇ ಬೆವರುತ್ತಿರುವಾಗ ಮರಿಗೆ ಬೇರೆ ಕಾವು ಯಾಕೆ ಎಂದು ಕೇಳುವವರಿದ್ದಾರೆ. ಮೊದಲ ವಾರ ಟರ್ಕಿ ಮರಿಗೆ ಅದು ಕೂತ ಜಾಗದಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಷ್ಟು ಇಳಿಸುತ್ತ ನಾಲ್ಕನೆಯ ವಾರದ ತನಕ ಕಾವು ಕೊಡಬೇಕು. ಜುಲೈ ರಾತ್ರಿ ಮಂಗಳೂರಿನಲ್ಲಿ ಹವೆ 23–24 ಡಿಗ್ರಿಗೆ ಇಳಿದಿರುತ್ತದೆ. ನಮಗೆ ಅದು ಹೊದ್ದುಕೊಂಡು ಮಲಗುವಷ್ಟು ಹಿತ. ಮರಿಗೆ ಅಲ್ಲಿ 11–12 ಡಿಗ್ರಿ ಕೊರತೆ. ಬೆಳೆದ ಹಕ್ಕಿಯ ಮೈ 41 ಡಿಗ್ರಿಯ ಸುತ್ತ ಇರುತ್ತದೆ, ಆ ಬಿಸಿಯನ್ನು ಅದು ತಾನೇ ಕಾಯ್ದುಕೊಳ್ಳುತ್ತದೆ. ಮೈಮೇಲೆ ಬರೀ ತುಪ್ಪುಳಿರುವ ಎಳೆ ಮರಿಗೆ ಆ ಶಕ್ತಿ ಬಂದಿರುವುದಿಲ್ಲ. ತುಪ್ಪುಳು ನೆನೆದರಂತೂ ಇದ್ದ ರಕ್ಷಣೆಯೂ ಹೋಯಿತು. ಒಂದು ಗ್ರಾಂ ನೀರು ಆರಬೇಕಾದರೆ ಸುಮಾರು 580 ಕ್ಯಾಲೊರಿ ಶಾಖ ಬೇಕು. ಐವತ್ತು–ಅರವತ್ತು ಗ್ರಾಂ ತೂಗುವ ಮರಿಯ ಮೈಯಿಂದ ಅಷ್ಟು ಶಾಖ ಎಳೆದುಕೊಂಡರೆ ಅದಕ್ಕೆ ಉಳಿಯುವುದೇನು? ತಣ್ಣಗಾದ ಮರಿ ಮೇವಿನ ಕಡೆ ಹೋಗುವುದಿಲ್ಲ, ಇನ್ನೊಂದರ ಮೈಗೆ ಒತ್ತಿಕೊಳ್ಳುತ್ತದೆ. ಒಂದರ ಮೇಲೊಂದು ರಾಶಿ ಬಿದ್ದು ಅಡಿಯಲ್ಲಿದ್ದದ್ದು ಉಸಿರುಕಟ್ಟಿ ಸಾಯುತ್ತದೆ. ಬೆಳಿಗ್ಗೆ ಮೂಲೆಯಲ್ಲಿ ಚಪ್ಪಟೆಯಾಗಿ ಬಿದ್ದ ಮರಿಗಳು ಸಿಕ್ಕಿದರೆ ಅವು ಸೆಕೆಗೆ ಸತ್ತವಲ್ಲ.

ಕಾವು ಬೇಕೆಂದು ಒಪ್ಪಿದವರು ಮಾಡುವ ಮುಂದಿನ ಕೆಲಸವೇ ನನಗೆ ಹೆಚ್ಚು ಚಿಂತೆ ತರುವುದು. ಮಳೆಗಾಳಿ ಒಳಗೆ ಬರಬಾರದೆಂದು ಶೆಡ್ಡಿನ ನಾಲ್ಕೂ ಕಡೆ ಟಾರ್ಪಾಲು ಬಿಗಿದು ಒಳಗೆ ಬಲ್ಬು ಉರಿಸುತ್ತಾರೆ. ಅವರ ವಾದ ಕೇಳಲು ಸರಿಯಾಗಿಯೇ ಇದೆ: ಹೊರಗಿನ ಗಾಳಿಯೇ ನೀರಿನ ಮುದ್ದೆ, ಅದನ್ನು ಒಳಗೆ ಬಿಟ್ಟರೆ ಪಸೆ ಹೆಚ್ಚುವುದಿಲ್ಲವೇ? ಈ ಆಕ್ಷೇಪಕ್ಕೆ ಸರಿಯಾದ ಉತ್ತರ ಕೊಡದೆ ‘ಗಾಳಿ ಆಡಲಿ’ ಎಂದು ಬಾಯಿಪಾಠ ಒಪ್ಪಿಸಿದರೆ ಯಾರೂ ಕೇಳುವುದಿಲ್ಲ, ಕೇಳಲೂಬಾರದು. ಆದ್ದರಿಂದ ಲೆಕ್ಕವನ್ನೇ ನೋಡೋಣ. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದಿಡಬಹುದಾದ ನೀರಾವಿ ಸುಮಾರು 23 ಗ್ರಾಂ. ಆಟಿಯ ಮಳೆಯಲ್ಲಿ ಅದು ಪೂರ್ತಿ ತುಂಬಿಕೊಂಡೇ ಇರುತ್ತದೆ ಎಂದಿಟ್ಟುಕೊಳ್ಳಿ. ತೇವಾಂಶ ಶೇಕಡಾ ನೂರು. ಅದೇ ಗಾಳಿಯನ್ನು 35 ಡಿಗ್ರಿಗೆ ಬಿಸಿಮಾಡಿದರೆ ಅದಕ್ಕೆ ಸುಮಾರು 40 ಗ್ರಾಂ ಹಿಡಿಯುವಷ್ಟು ಜಾಗ ಬರುತ್ತದೆ. ಇರುವುದು 23 ಗ್ರಾಂ ಮಾತ್ರ, ಆದ್ದರಿಂದ ತೇವಾಂಶ ಶೇಕಡಾ ಅರವತ್ತರ ಹತ್ತಿರಕ್ಕೆ ಇಳಿಯುತ್ತದೆ. ಹೊರಗೆ ತೊಯ್ದು ತೊಪ್ಪೆಯಾಗಿದ್ದ ಗಾಳಿಗೆ ಬಲ್ಬಿನ ಕೆಳಗೆ ಬಂದೊಡನೆ ನೀರಿನ ಹಸಿವು ಹುಟ್ಟುತ್ತದೆ. ಹಾಸಿನಲ್ಲಿದ್ದ ಪಸೆಯನ್ನು ಅದು ಹೀರುತ್ತದೆ, ಹಗುರವಾಗಿ ಮೇಲೇರುತ್ತದೆ. ಮೇಲೆ ಕಿಂಡಿ ಇದ್ದರೆ ಹೀರಿದ ನೀರಿನ ಸಮೇತ ಹೊರಟುಹೋಗುತ್ತದೆ, ಆ ಜಾಗಕ್ಕೆ ಹೊಸ ಗಾಳಿ ಬರುತ್ತದೆ. ಕಿಂಡಿ ಮುಚ್ಚಿದರೋ, ಮರಿಗಳ ಉಸಿರು, ಹಿಕ್ಕೆ, ಚೆಲ್ಲಿದ ನೀರು ಎಲ್ಲ ಸೇರಿ ಆ 40 ಗ್ರಾಮೂ ಭರ್ತಿಯಾಗುತ್ತದೆ. ತಣ್ಣಗಿನ ಟಾರ್ಪಾಲಿಗೆ ತಾಗಿ ಹನಿಯಾಗಿ ಪುನಃ ಮರಿಗಳ ಬೆನ್ನ ಮೇಲೇ ಬೀಳುತ್ತದೆ. ಒಳಗಿನಿಂದ ಬೆವರಿದ ಟಾರ್ಪಾಲನ್ನು ನೀವೆಲ್ಲ ನೋಡಿರುತ್ತೀರಿ. ಮಳೆಗಾಲದಲ್ಲಿ ಅಡಿಕೆ ಒಣಗಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಬೆಂಕಿಯಷ್ಟೇ ಇದ್ದು ಆವಿ ಹೋಗಲು ದಾರಿಯಿಲ್ಲದಿದ್ದರೆ ಅಡಿಕೆ ಒಣಗುವುದಿಲ್ಲ, ಬೇಯುತ್ತದೆ.

ಹಾಗಾದರೆ ಮಾಡಬೇಕಾದ್ದು, ಇಡೀ ಶೆಡ್ಡನ್ನು ಬಿಸಿಮಾಡುವ ಆಸೆ ಬಿಟ್ಟು ಒಂದು ಜಾಗಕ್ಕೆ ಮಾತ್ರ ಕಾವು ಕೊಡುವುದು. ಸುಮಾರು ಎರಡು ಮೀಟರ್ ಅಗಲದ ಒಂದು ವೃತ್ತ, ಸುತ್ತ ಒಂದೂವರೆ ಅಡಿ ಎತ್ತರದ ತಗಡು ಅಥವಾ ರಟ್ಟಿನ ತಡೆ, ನಡುವೆ ಇಳಿಬಿಟ್ಟ, ಕಾವು ಕೊಡುವ ಬ್ರೂಡರ್. ವೃತ್ತದ ನಡುವೆ 35 ಡಿಗ್ರಿ, ಅಂಚಿನಲ್ಲಿ ಅದಕ್ಕಿಂತ ತಂಪು. ಯಾವುದು ಬೇಕೋ ಅಲ್ಲಿಗೆ ಮರಿ ತಾನೇ ಹೋಗುತ್ತದೆ. ಉಷ್ಣಮಾಪಕ ಇರಲಿ, ಆದರೆ ಕೊನೆಯ ಮಾತು ಮರಿಯದು: ದೀಪದಡಿ ಮುದ್ದೆಯಾದರೆ ಚಳಿ, ಬಾಯಿ ತೆರೆದು ಅಂಚಿಗೆ ಸರಿದರೆ ಸೆಕೆ, ಎಲ್ಲವೂ ಒಂದೇ ಬದಿಗೆ ಸರಿದರೆ ಎಲ್ಲಿಂದಲೋ ನೇರ ಗಾಳಿ ನುಗ್ಗುತ್ತಿದೆ ಎಂದರ್ಥ. ಟಾರ್ಪಾಲು ಬೇಡವೆಂದಲ್ಲ. ಎರಚಲು ತಡೆಯಲು ಅದು ಬೇಕೇ ಬೇಕು. ಆದರೆ ಅದನ್ನು ಕೆಳಗಿನಿಂದ ಮೇಲಕ್ಕೆ ಏರಿಸುವಂತೆ ಕಟ್ಟಿ. ಮರಿಗಳ ಎತ್ತರದಲ್ಲಿ ಗಾಳಿ ತಡೆಯಲಿ, ಮಾಡಿನ ಕೆಳಗೆ ಒಂದು ಮೊಳದಷ್ಟು ಸದಾ ತೆರೆದಿರಲಿ, ಮಾಡು ಸಾಕಷ್ಟು ಹೊರಚಾಚಿರಲಿ. ಇಲ್ಲೇ ಇನ್ನೊಂದು ಎಚ್ಚರಿಕೆ. ಹಳೆಯ ಕಾಲದ ತಂತಿ ಬಲ್ಬು ಅಂಗಡಿಗಳಿಂದ ಮಾಯವಾಗುತ್ತಿದೆ, ಅದರ ಜಾಗಕ್ಕೆ ಬಂದ ಎಲ್‌ಇಡಿ ಬೆಳಕು ಕೊಡುತ್ತದೆಯೇ ಹೊರತು ಮರಿಗೆ ಸಾಲುವ ಕಾವು ಕೊಡುವುದಿಲ್ಲ. ಇನ್‌ಫ್ರಾರೆಡ್ ಬಲ್ಬನ್ನೋ ಗ್ಯಾಸ್ ಬ್ರೂಡರನ್ನೋ ಮರಿ ಬರುವ ಮೊದಲೇ ಹೊಂದಿಸಿಕೊಳ್ಳಿ, ಮರಿ ಇಳಿಸುವ ಎರಡು ದಿನ ಮುಂಚೆಯೇ ಉರಿಸಿ ನೆಲವನ್ನು ಬೆಚ್ಚಗೆ ಮಾಡಿಡಿ. ಮಳೆಗೆ ಮರ ಬಿದ್ದು ರಾತ್ರಿಯಿಡೀ ಕರೆಂಟು ಹೋಗುವುದು ನಮ್ಮಲ್ಲಿ ಹೊಸತಲ್ಲ. ಗೆರಟೆಯ ಇದ್ದಿಲನ್ನು ಮಣ್ಣಿನ ಒಲೆಯಲ್ಲಿ ಹೊಗೆ ಆರುವ ತನಕ ಹೊರಗೆ ಉರಿಸಿ, ಮೇಲೆ ತಗಡು ಮುಚ್ಚಿ ವೃತ್ತದ ನಡುವೆ ಇಡುವ ವ್ಯವಸ್ಥೆ ಸಿದ್ಧವಿರಲಿ. ಮುಚ್ಚಿದ ಕೋಣೆಯಲ್ಲಿ ಮಾತ್ರ ಅದನ್ನು ಇಡಲೇಬೇಡಿ. ಇದ್ದಿಲಿನ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮರಿಯ ಜತೆ ಕಾವಲು ಕೂತವರನ್ನೂ ಅದು ಕೊಂಡೊಯ್ಯುತ್ತದೆ.

ನೆಲದ ವಿಷಯಕ್ಕೆ ಬರುತ್ತೇನೆ. ಕೆಂಪುಕಲ್ಲಿನ ಗೋಡೆ, ಮಣ್ಣಿನ ನೆಲ ಮಳೆಗಾಲದಲ್ಲಿ ಅಡಿಯಿಂದಲೇ ನೀರು ಹೀರುತ್ತವೆ. ಹಾಸಿನ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಹಾಕುವ ಸಣ್ಣ ಖರ್ಚು ಇದನ್ನು ತಡೆಯುತ್ತದೆ. ಅದರ ಮೇಲೆ ಎರಡು ಇಂಚು ಒಣ ಭತ್ತದ ಉಮಿ ಅಥವಾ ಮರದ ಚಕ್ಕೆ. ಮೊದಲ ಕೆಲವು ದಿನ ಮರಿಗಳು ಉಮಿಯನ್ನೇ ತಿನ್ನದಂತೆ ಮೇಲೊಂದು ಗೋಣಿತಾಟು. ದನದ ಹಟ್ಟಿಗೆ ಸೊಪ್ಪು, ತರಗೆಲೆ ಹಾಸುವ ನಮ್ಮ ಅಭ್ಯಾಸವನ್ನು ಇಲ್ಲಿಗೆ ತರಬೇಡಿ. ಅದು ಗೊಬ್ಬರಕ್ಕೆ ಒಳ್ಳೆಯದು, ಕೊಳೆಯಲೆಂದೇ ಹಾಕುವಂಥದ್ದು. ಮರಿಯ ಕಾಲಡಿಯಲ್ಲಿ ಏನೂ ಕೊಳೆಯಬಾರದು. ಬೂಸ್ಟು ಬಂದ ಹಾಸಿನಿಂದ ಏಳುವ ಆಸ್ಪರ್ಜಿಲಸ್ ಶಿಲೀಂಧ್ರದ ಬೀಜಕಣ ಎಳೆಯ ಟರ್ಕಿಯ ಶ್ವಾಸಕೋಶಕ್ಕೆ ಹೋಗಿ ಬೇರೂರಿದರೆ ಅದಕ್ಕೆ ಫಲಕಾರಿ ಚಿಕಿತ್ಸೆಯೇ ಇಲ್ಲ. ಭೇದಿ ತರುವ ಕಾಕ್ಸಿಡಿಯಾದ ಮೊಟ್ಟೆಗಳು ಹಿಕ್ಕೆಯಲ್ಲಿ ಬಿದ್ದಾಗ ರೋಗ ತರುವ ಸ್ಥಿತಿಯಲ್ಲಿರುವುದಿಲ್ಲ. ಬೆಚ್ಚಗಿನ ಪಸೆ ಸಿಕ್ಕಿದರೆ ಒಂದೆರಡು ದಿನಗಳಲ್ಲಿ ಮಾಗಿ ಅಪಾಯಕಾರಿಯಾಗುತ್ತವೆ. ಹಾಸು ಒಣಗಿದ್ದರೆ ಆ ಮಾಗುವಿಕೆಗೇ ತಡೆ. ಒಂದು ಹಿಡಿ ಹಾಸನ್ನು ಮುಷ್ಟಿಯಲ್ಲಿ ಹಿಂಡಿ ನೋಡಿ: ಉಂಡೆಯಾಗಿ ನಿಂತರೆ ನೀರು ಹೆಚ್ಚಾಗಿದೆ, ತುಸು ಅಂಟಿಕೊಂಡು ಮತ್ತೆ ಉದುರಿದರೆ ಸರಿಯಾಗಿದೆ. ಇನ್ನೊಂದು ಪರೀಕ್ಷೆ, ಮರಿಗಳ ಎತ್ತರಕ್ಕೆ ಬಗ್ಗಿ ಒಂದೆರಡು ನಿಮಿಷ ಉಸಿರಾಡುವುದು. ನಿಂತಾಗ ಬಾರದ ಅಮೋನಿಯಾದ ಘಾಟು ಅಲ್ಲಿ ಕಣ್ಣಿಗೆ ಚುಚ್ಚಿದರೆ, ಮರಿಗಳು ಹಗಲೂ ರಾತ್ರಿ ಅದನ್ನೇ ಉಸಿರಾಡುತ್ತಿವೆ ಎಂದು ತಿಳಿಯಿರಿ. ಹಾಸು ಒದ್ದೆಯಾಗುವುದು ಹೆಚ್ಚಾಗಿ ನೀರಿನ ಪಾತ್ರೆಯ ಸುತ್ತ. ಪಾತ್ರೆಯನ್ನು ತಂತಿಬಲೆ ಹೊದಿಸಿದ ಇಟ್ಟಿಗೆಯ ಕಟ್ಟೆಯ ಮೇಲಿಟ್ಟು, ಮರಿ ಬೆಳೆದಂತೆ ಅದರ ಬೆನ್ನಿನ ಮಟ್ಟಕ್ಕೆ ಏರಿಸುತ್ತ ಹೋದರೆ ಅರ್ಧ ಕಷ್ಟ ಅಲ್ಲಿಗೇ ಕಡಿಮೆ. ಜಾಗದಲ್ಲಿ ಜಿಪುಣತನ ಬೇಡ. ನಾಲ್ಕು ವಾರದ ತನಕ ಮರಿಯೊಂದಕ್ಕೆ ಒಂದೂವರೆ ಚದರ ಅಡಿ ಬೇಕೇ ಬೇಕು. ನಾಲ್ಕು ವಾರದ ನಂತರ, ಆಡಿನ ಗೂಡಿಗೆ ಮಾಡುವಂತೆ ಅಡಿಕೆ ಮರದ ಸಲಾಕೆಯ ಅಟ್ಟಣಿಗೆ ಮಾಡಿ, ಕಾಲು ಸಿಕ್ಕಿಕೊಳ್ಳದಷ್ಟು ಕಿರಿದಾದ ಸಂದು ಬಿಟ್ಟರೆ ನೆಲದ ಪಸೆಯ ಗೊಡವೆಯೇ ಇರುವುದಿಲ್ಲ.

ಚೀಲದೊಳಗಿನ ಪಸೆಯ ಬಗ್ಗೆ ನಮ್ಮಲ್ಲಿ ಮಾತೇ ನಡೆಯುವುದಿಲ್ಲ. ನನ್ನ ತಿಳಿವಿನ ಮಟ್ಟಿಗೆ ಇದೇ ದೊಡ್ಡ ಕಂಟಕ. 1960ರಲ್ಲಿ ಇಂಗ್ಲೆಂಡಿನಲ್ಲಿ ಕೆಲವೇ ತಿಂಗಳಲ್ಲಿ ಒಂದು ಲಕ್ಷಕ್ಕೂ ಮೀರಿ ಟರ್ಕಿ ಮರಿಗಳು ಸತ್ತವು. ಯಾವ ರೋಗಾಣುವೂ ಸಿಗಲಿಲ್ಲ. ರೋಗಕ್ಕೆ ಹೆಸರು ಹೊಳೆಯದೆ ‘ಟರ್ಕಿ ಎಕ್ಸ್ ರೋಗ’ ಎಂದರು. ಕೊನೆಗೆ ಜಾಡು ಹಿಡಿದಾಗ ಅದು ಬ್ರೆಜಿಲ್‌ನಿಂದ ಬಂದ ನೆಲಗಡಲೆ ಹಿಂಡಿಗೆ ಹೋಗಿ ಮುಟ್ಟಿತು. ಆ ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಸ್ಟು ಬೆಳೆದಿತ್ತು, ಅದು ಬಿಟ್ಟ ವಿಷಕ್ಕೆ ಅದರದೇ ಹೆಸರಿನಿಂದ ಅಫ್ಲಾಟಾಕ್ಸಿನ್ ಎಂಬ ಹೆಸರಾಯಿತು. ಇಂದು ಮನುಷ್ಯರ ಆಹಾರದಲ್ಲೂ ಜಗತ್ತೆಲ್ಲ ಹುಡುಕುವ, ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುವ ಈ ವಿಷ ಮೊದಲು ಬೆಳಕಿಗೆ ಬಂದದ್ದೇ ಟರ್ಕಿ ಮರಿಗಳ ಸಾವಿನಿಂದ. ಅದು ಆಕಸ್ಮಿಕವಲ್ಲ. ಕೋಳಿ ತಾಳಿಕೊಳ್ಳುವಷ್ಟು ಅಫ್ಲಾಟಾಕ್ಸಿನ್ನನ್ನು ಟರ್ಕಿ ತಾಳಲಾರದು, ಅದನ್ನು ಮುರಿದು ಹೊರಹಾಕುವ ಶಕ್ತಿ ಟರ್ಕಿಯ ಯಕೃತ್ತಿಗೆ ತೀರ ಕಡಿಮೆ. ಹಾಗಾಗಿ ‘ಇದೇ ಹಿಂಡಿಯನ್ನು ನಾಟಿ ಕೋಳಿಗಳು ತಿಂದು ಗಟ್ಟಿಯಾಗಿವೆಯಲ್ಲ’ ಎಂಬ ಮಾತು ಟರ್ಕಿಯ ಮಟ್ಟಿಗೆ ಸಾಕ್ಷಿಯಾಗುವುದಿಲ್ಲ. ಬೂಸ್ಟು ಬಂದ ಮೇವನ್ನು ಬಿಸಿಲಿಗೆ ಹರವಿದರೆ ಬೂಸ್ಟು ಉದುರಿ ಒಳ್ಳೆಯದಾದಂತೆ ಕಾಣುತ್ತದೆ, ವಿಷ ಒಳಗೇ ಉಳಿದಿರುತ್ತದೆ. ಹುರಿದರೂ ಬೇಯಿಸಿದರೂ ಅದು ಪೂರ್ತಿ ಹೋಗುವಂಥದ್ದಲ್ಲ. ಮಳೆಗಾಲದಲ್ಲಿ ಟರ್ಕಿ ಮರಿಗೆ ನೆಲಗಡಲೆ ಹಿಂಡಿಯನ್ನು ಕೊಡಲೇಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅದರ ಬದಲು ಸೋಯಾ ಹಿಂಡಿ ಆಗಬಹುದು. ಹದಿನೈದು ದಿನಕ್ಕಾಗುವಷ್ಟೇ ಮೇವು ತನ್ನಿ, ನೆಲದಿಂದ ಎತ್ತರಕ್ಕೆ, ಗೋಡೆಯಿಂದ ದೂರಕ್ಕೆ ಹಲಗೆಯ ಮೇಲಿಡಿ. ಅಕ್ಕಿಯನ್ನು ಒಣಹುಲ್ಲಿನ ಮುಡಿ ಕಟ್ಟಿ ಮಳೆಗಾಲ ದಾಟಿಸುತ್ತಿದ್ದ ಊರು ನಮ್ಮದು. ಧಾನ್ಯಕ್ಕೆ ಪಸೆ ತಾಗಬಾರದೆಂಬ ಆ ಎಚ್ಚರ ಮರಿಯ ಮೇವಿಗೂ ಇರಲಿ.

ಮೇವಿನ ಮಾತು ಬಂದಾಗ ಪ್ರೊಟೀನಿನ ವಿಷಯವನ್ನೂ ಹೇಳಬೇಕು. ಮೊದಲ ನಾಲ್ಕು ವಾರ ಟರ್ಕಿ ಮರಿಗೆ ಶೇಕಡಾ 28ರಷ್ಟು ಪ್ರೊಟೀನ್ ಬೇಕು. ಅಂಗಡಿಯಲ್ಲಿ ಸಿಗುವ ಬ್ರಾಯ್ಲರ್ ಮೇವು ಅಲ್ಲಿಯ ತನಕ ಬರುವುದಿಲ್ಲ. ಕೊರತೆ ತುಂಬಲು ಕರಾವಳಿಯವರ ಕೈಗೆ ಸುಲಭವಾಗಿ ಸಿಗುವುದು ಒಣಮೀನು. ಉಪ್ಪು ಹಾಕದೆ ಒಣಗಿಸಿದ್ದಾದರೆ ಚೆನ್ನಾಗಿ ಪುಡಿಮಾಡಿ ಮಿತವಾಗಿ ಬೆರೆಸಬಹುದು. ಉಪ್ಪು ಮೀನು ಮಾತ್ರ ಬೇಡ. ಎಳೆ ಟರ್ಕಿಗೆ ಉಪ್ಪು ಹೆಚ್ಚಾದರೆ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತದೆ. ಜತೆಗೆ ಬಾಯಾರಿಕೆ ಹೆಚ್ಚಿ ನೀರು ಕುಡಿದು ಹಿಕ್ಕೆ ನೀರಾಗುತ್ತದೆ, ಕಷ್ಟಪಟ್ಟು ಒಣಗಿಸಿದ ಹಾಸು ಎರಡೇ ದಿನದಲ್ಲಿ ಕೆಸರಾಗುತ್ತದೆ.

ಮರಿ ಸಾಯುವುದಕ್ಕೆ ಪಸೆಯೊಂದೇ ಕಾರಣವೇ ಎಂದು ಅನುಭವಿಗಳು ಕೇಳಿದರೆ, ಹಸಿವೂ ಕಾರಣ ಎಂದು ಒಪ್ಪುತ್ತೇನೆ. ಟರ್ಕಿ ಮರಿಗೆ ಹುಟ್ಟಿದ ಹೊಸದರಲ್ಲಿ ದೃಷ್ಟಿ ಮಂದ, ಪುಕ್ಕಲುತನ ಜಾಸ್ತಿ. ಕಾಲಬಳಿ ಮೇವಿದ್ದರೂ ತಿನ್ನದೆ ಸಾಯುವ ಮರಿಗಳಿವೆ. ಇದಕ್ಕೆ ತಿಳಿದವರು ಹೇಳುವ ಉಪಾಯಗಳು ಒಳ್ಳೆಯವೇ: ತಟ್ಟೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟುವುದು, ಮೇವು ನೀರುಗಳಲ್ಲಿ ಬಣ್ಣದ ಗೋಲಿ ಹಾಕಿ ಕಣ್ಣು ಸೆಳೆಯುವುದು, ಹಸಿರು ಬಣ್ಣ ಅವುಗಳಿಗೆ ಇಷ್ಟವಾದ್ದರಿಂದ ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಉದುರಿಸುವುದು, ಮೊದಲ ಹದಿನೈದು ದಿನ ಹತ್ತು ಮರಿಗೊಂದು ಬೇಯಿಸಿದ ಮೊಟ್ಟೆ, ಲೀಟರ್ ನೀರಿಗೆ 100 ಮಿಲಿಲೀಟರ್ ಹಾಲು. ಇವನ್ನೆಲ್ಲ ಮಾಡಿ. ಆದರೆ ನಮ್ಮ ಹವೆಯಲ್ಲಿ ಹಾಲು ಬೆರೆತ ನೀರು ಮಧ್ಯಾಹ್ನದೊಳಗೆ ಹುಳಿಯುತ್ತದೆ, ಮೊಟ್ಟೆಯ ಚೂರು ಸಂಜೆಗೆ ನಾರುತ್ತದೆ ಎಂಬುದನ್ನು ಮರೆಯಬೇಡಿ. ಒಂದೆರಡು ಗಂಟೆಯಲ್ಲಿ ತಿಂದು ಮುಗಿಸುವಷ್ಟನ್ನೇ ಕೊಟ್ಟು, ಮಿಕ್ಕದ್ದನ್ನು ತೆಗೆದು, ಪಾತ್ರೆ ತೊಳೆದಿಡುವ ಪುರುಸೊತ್ತು ಇದ್ದವರಿಗೆ ಮಾತ್ರ ಈ ಉಪಾಯ ಉಪಕಾರ.

‘ಇಷ್ಟೆಲ್ಲ ಯಾಕೆ? ನಾಟಿ ಹೇಂಟೆಯನ್ನೇ ಕಾವಿಗೆ ಕೂರಿಸಿ ಟರ್ಕಿ ಮೊಟ್ಟೆ ಇಟ್ಟರಾಯಿತು. ಮರಿ ಮಾಡಿ, ರೆಕ್ಕೆಯಡಿ ಇಟ್ಟುಕೊಂಡು, ತಿನ್ನಲೂ ಕಲಿಸುತ್ತದೆ’ ಎಂಬುದು ನಾನು ಗೌರವದಿಂದಲೇ ಕೇಳುವ ಆಕ್ಷೇಪ. ಕೋಳಿ ಮೊಟ್ಟೆಗೆ 21 ದಿನ ಕೂರುವ ಹೇಂಟೆಯನ್ನು ಟರ್ಕಿ ಮೊಟ್ಟೆಗೆ 28 ದಿನ ಕೂರಿಸುವುದು ಕಷ್ಟವಾದರೂ ಆಗದ ಮಾತಲ್ಲ. ಒಣಗಿದ, ಬೆಚ್ಚಗಿನ, ಗಾಳಿಯಾಡುವ ಕಾವು ಹೇಗಿರಬೇಕೆಂಬುದಕ್ಕೆ ಹೇಂಟೆಯ ರೆಕ್ಕೆಗಿಂತ ಒಳ್ಳೆಯ ಮಾದರಿಯೂ ಇಲ್ಲ. ತೊಂದರೆ ಇರುವುದು ಬೇರೆ ಕಡೆ. ಟರ್ಕಿಗೆ ಬರುವ ಬ್ಲ್ಯಾಕ್‌ಹೆಡ್ ರೋಗದ ಪರಾವಲಂಬಿ ಜೀವಿಯನ್ನು ಕೋಳಿಗಳು ತಮಗೇನೂ ಆಗದೆ ಹೊತ್ತು ತಿರುಗುತ್ತವೆ. ಕೋಳಿಯ ಕರುಳಿನ ಸಣ್ಣ ಹುಳುವಿನ ಮೊಟ್ಟೆಯೊಳಗೆ ಅದು ಅಡಗಿ ಹಿಕ್ಕೆಯೊಂದಿಗೆ ಮಣ್ಣಿಗೆ ಬೀಳುತ್ತದೆ, ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಆ ಮೊಟ್ಟೆಗಳನ್ನು ನುಂಗಿದ ಎರೆಹುಳು ಮಳೆಗಾಲದಲ್ಲಿ ಮೇಲೆ ಬಂದಾಗ ಟರ್ಕಿ ಅದನ್ನು ಹೆಕ್ಕಿ ತಿನ್ನುತ್ತದೆ. ಗಂಧಕದಂಥ ಹಳದಿ ಹಿಕ್ಕೆ ಹಾಕುತ್ತ ಟರ್ಕಿಗಳು ಒಂದರ ಹಿಂದೊಂದು ಸಾಯುವುದು ಈ ರೋಗದಲ್ಲಿ; ಅಂಗಳದ ಕೋಳಿಗಳು ಮಾತ್ರ ಆರೋಗ್ಯವಾಗಿಯೇ ಇರುತ್ತವೆ. ಮನೆಗೆ ಐದಾರು ಮರಿ ಸಾಕುವವರು ಈ ಅಪಾಯವನ್ನು ತಿಳಿದೇ ಹೊತ್ತುಕೊಳ್ಳಬಹುದು. ಸಾಲ ಮಾಡಿ ಐವತ್ತು, ನೂರು ಮರಿ ಸಾಕುವ ಸಂಘಗಳು ಹೊತ್ತುಕೊಳ್ಳಬಾರದು. ಟರ್ಕಿ ಮರಿಗಳ ಜಾಗವೇ ಬೇರೆ, ಕೋಳಿಗಳ ಜಾಗವೇ ಬೇರೆ, ಎರಡರ ನಡುವೆ ಓಡಾಡುವ ಚಪ್ಪಲಿಯೂ ಬೇರೆ ಆಗಿರಲಿ.

ಏಪ್ರಿಲ್–ಮೇ ಸೆಕೆಯನ್ನು ಕಡೆಗಣಿಸುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ಎಳೆ ಮರಿಗೆ ಚಳಿಯ ಭಯ, ಆರು ವಾರ ದಾಟಿ ಗರಿ ತುಂಬಿದ ಹಕ್ಕಿಗೆ ಸೆಕೆಯ ಭಯ. ಆದರೆ ಅಲ್ಲೂ ಗಾಳಿಯ ಪಸೆಯೇ ಸೆಕೆಗೆ ಬಲ ಕೊಡುವುದು. ಹಕ್ಕಿಗಳಿಗೆ ಬೆವರಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟು, ಗಂಟಲಿನ ನೀರು ಆರಿಸಿ ಮೈ ತಂಪು ಮಾಡಿಕೊಳ್ಳುತ್ತವೆ. ಗಾಳಿ ಆಗಲೇ ನೀರು ತುಂಬಿಕೊಂಡಿದ್ದರೆ ಎಷ್ಟು ಏದಿದರೂ ತಂಪು ಸಿಗುವುದಿಲ್ಲ. ಬಳ್ಳಾರಿ, ರಾಯಚೂರಿನ ಒಣ ಬಿಸಿಲಿಗೆ ಶೆಡ್ಡಿನ ಸುತ್ತ ಒದ್ದೆ ಗೋಣಿ ಕಟ್ಟುವುದು, ಒಳಗೆ ನೀರಿನ ತುಂತುರು ಬಿಡುವುದು ಸರಿಯಾದ ಮದ್ದು. ಅದೇ ಸಲಹೆಯನ್ನು ಪುಸ್ತಕದಿಂದ ಎತ್ತಿ ಉಡುಪಿ, ಕುಂದಾಪುರ, ಕಾರವಾರಕ್ಕೆ ತಂದರೆ ಹಕ್ಕಿಗೆ ಉಳಿದಿದ್ದ ಒಂದೇ ದಾರಿಯನ್ನೂ ಮುಚ್ಚಿದಂತಾಗುತ್ತದೆ. ನಮ್ಮಲ್ಲಿ ಬೇಕಾದ್ದು ಮಾಡಿನ ಮೇಲೆ ತೆಂಗಿನ ಮಡಲು ಅಥವಾ ಸುಣ್ಣದ ಬಿಳುಪು, ತೋಟದ ನೆರಳು, ಹಕ್ಕಿಯ ಮೈಗೆ ತಾಗುವಂತೆ ಬೀಸುವ ಫ್ಯಾನು, ಮಡಕೆಯ ತಂಪು ನೀರು, ಮೇವು ಮುಂಜಾನೆ ಮತ್ತು ಸಂಜೆ ಮಾತ್ರ.

ಕೊನೆಗೆ ಉಳಿಯುವುದು ಖರ್ಚಿನ, ಕೈಕೆಲಸದ ಪ್ರಶ್ನೆ. ಇದನ್ನು ಹಗುರವಾಗಿ ತಳ್ಳಿಹಾಕಲು ನನ್ನಿಂದಾಗದು. ರಾತ್ರಿ ಎದ್ದು ಮರಿ ನೋಡುವುದು, ದಿನಕ್ಕೆರಡು ಸಲ ಹಾಸು ಕೆದಕುವುದು, ಒದ್ದೆಯಾದದ್ದನ್ನು ಹೊತ್ತು ಹಾಕಿ ಒಣ ಉಮಿ ತರುವುದು, ಇವೆಲ್ಲ ಹೆಚ್ಚಾಗಿ ಮನೆಯ ಹೆಂಗಸರ ಪಾಲಿಗೇ ಬೀಳುತ್ತವೆ, ಗದ್ದೆ ನಾಟಿಯೂ ಅದೇ ತಿಂಗಳಲ್ಲಿ ಬರುತ್ತದೆ. ಒಣ ಉಮಿಯನ್ನು ಮಳೆಗೆ ಮುಂಚೆ ಮೇ ತಿಂಗಳಲ್ಲೇ ಚೀಲ ತುಂಬಿ ಅಟ್ಟಕ್ಕೆ ಹಾಕಿರದಿದ್ದರೆ ಜುಲೈಯಲ್ಲಿ ಎಷ್ಟು ಹಣ ಕೊಟ್ಟರೂ ಒಣಗಿದ್ದು ಸಿಗುವುದಿಲ್ಲ. ಆದ್ದರಿಂದಲೇ ನಾನು ಸಂಘಗಳ ಮುಂದೆ ಇಡುವ ಸಲಹೆ ಬೇರೆ. ಎಳೆ ಮರಿಗೆ ಕಾವು ಕೊಡುವ ಕೆಲಸವನ್ನು ಹತ್ತು ಮನೆಗಳಲ್ಲಿ ಹರಡುವ ಬದಲು, ಒಣಗಿದ ಎತ್ತರದ ಜಾಗ, ಸಿಮೆಂಟು ನೆಲ, ಕರೆಂಟಿಗೆ ಬದಲಿ ವ್ಯವಸ್ಥೆ ಇರುವ ಒಂದು ಮನೆಯಲ್ಲಿ, ಕೂಲಿ ಕೊಟ್ಟು, ಎಲ್ಲರ ಮರಿಗಳನ್ನೂ ಒಟ್ಟಿಗೆ ಮೊದಲ ಐದು ವಾರ ಸಾಕಿ. ಗರಿ ಬಂದ ಮೇಲೆ ಹಂಚಿಕೊಳ್ಳಿ. ಅದಕ್ಕೂ ಅನುಕೂಲವಿಲ್ಲದಿದ್ದರೆ ಐದಾರು ವಾರದ ಬೆಳೆದ ಮರಿಗಳನ್ನೇ ಕೊಳ್ಳಿ. ಬೆಲೆ ಹೆಚ್ಚಾದರೂ ಸತ್ತ ಮರಿಗಳ ಬೆಲೆಯನ್ನು ಕೂಡಿಸಿ ನೋಡಿದರೆ ಆ ವ್ಯತ್ಯಾಸ ದೊಡ್ಡದಾಗಿ ಕಾಣುವುದಿಲ್ಲ. ಕ್ರಿಸ್‌ಮಸ್ ಒಂದೇ ಮಾರುಕಟ್ಟೆ ಎಂಬ ಹಠವಿಲ್ಲದವರು ಅಕ್ಟೋಬರ್ ಕೊನೆಗೆ, ಮಳೆ ಹಿಂದೆ ಸರಿದ ಮೇಲೆ ಮರಿ ಇಳಿಸಿದರೆ ಈಸ್ಟರ್ ಹೊತ್ತಿಗೆ ಹಕ್ಕಿ ಸಿದ್ಧವಾಗುತ್ತದೆ.

ಇಲಾಖೆಯವರಿಗೆ, ಪಶುವೈದ್ಯ ಮಿತ್ರರಿಗೆ, ಮರಿ ಹಂಚುವ ಯೋಜನೆಗಳನ್ನು ನಡೆಸುವವರಿಗೆ ಇದೇ ಪತ್ರದಲ್ಲಿ ಒಂದು ಮಾತು. ಒಳನಾಡಿಗೂ ಕರಾವಳಿಗೂ ಒಂದೇ ಕೈಪಿಡಿ ಕೊಡಬೇಡಿ. ಜೂನ್, ಜುಲೈ, ಆಗಸ್ಟ್ ತಿಂಗಳಲ್ಲಿ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಕರಾವಳಿಗೆ ಒಂದು ದಿನದ ಟರ್ಕಿ ಮರಿಗಳನ್ನು ಹಂಚಬೇಡಿ. ಹಂಚುವುದಾದರೆ ಐದು ವಾರ ಬೆಳೆಸಿ ಹಂಚಿ. ಸಾಕಣೆದಾರ ಬಂಧುಗಳೇ, ಮರಿಗೆ ಮುಂಗಡ ಕೊಡುವ ಮೊದಲು ನಿಮ್ಮ ಶೆಡ್ಡಿನ ನೆಲದ ಮೇಲೆ ಒಂದು ಒಣ ಗೋಣಿತಾಟು ಹಾಸಿ, ಮಳೆಯ ಒಂದು ರಾತ್ರಿ ಕಳೆದು ಬೆಳಿಗ್ಗೆ ಅದನ್ನು ಎತ್ತಿ ಕೆನ್ನೆಗೆ ತಾಗಿಸಿ ನೋಡಿ. ತಣ್ಣಗೆ ಒದ್ದೆ ಹತ್ತಿದರೆ, ದಯವಿಟ್ಟು ಈ ಮಳೆಗಾಲ ಮುಗಿಯುವ ತನಕ ಮರಿ ತರಬೇಡಿ.